ದನ ಕಾಯುವವನ ಹ್ಯಾಟು

ಪರಊರಿನಲ್ಲಿ ನೆಲೆಸಿದ ನಮ್ಮಂಥವರ ಮನೆಗಳಲ್ಲಿ ಕನ್ನಡ ಮೊದಲು ಕೈಬಿಡುವುದು ಕಾಗದ-ಪತ್ರಗಳನ್ನು, ಆಮೇಲೆ ಪುಸ್ತಕಗಳನ್ನು. ಕಟ್ಟಕಡೆಗೆ ಉಳಿಯುವುದು ಬೈಗುಳ. ನಾಗಪುರದಲ್ಲೇ ಹುಟ್ಟಿ, ಬೀದಿಯಲ್ಲಿ ಮರಾಠಿ, ಗೆಳೆಯರೊಡನೆ ಹಿಂದಿ ಆಡುವ ನನ್ನ ಮೊಮ್ಮಗನಿಗೆ ಅಚ್ಚಗನ್ನಡದಲ್ಲಿ ಬರುವ ವಾಕ್ಯಗಳು ಕೆಲವೇ. ಅವುಗಳಲ್ಲೊಂದು: "ಓದದಿದ್ದರೆ ದನ ಕಾಯೋಕೆ ಹೋಗು." ನಮ್ಮ ನಾಡಿನ ಮೇಷ್ಟ್ರುಗಳೂ ತಾಯಂದಿರೂ ಪರಂಪರೆಯಿಂದ ಹೇಳಿಕೊಂಡು ಬಂದ ಮಂತ್ರವಿದು.

2024ರ ಏಪ್ರಿಲ್ 16ರಂದು ನಟ ದ್ವಾರಕೀಶ್ ತೀರಿಕೊಂಡ ಸುದ್ದಿ ಬಂದಾಗ ಈ ಹುಡುಗನಿಗೆ 'ಕೌಬಾಯ್ ಕುಳ್ಳ'ನ ವಿಷಯ ಹೇಳಿದೆ. 1973ರ ಚಿತ್ರ, ನಿರ್ದೇಶಕರು ಟಿ. ಆರ್. ರಾಮಣ್ಣ. ಆಗೆಲ್ಲ ನಾಗಪುರದ ಕನ್ನಡಿಗರಿಗೆ ಕನ್ನಡ ಚಿತ್ರವೆಂದರೆ ಬೇಸಗೆಯ ರಜೆಯಲ್ಲಿ ಊರಿಗೆ ಹೋದಾಗ ಸಿಗುವ ಮಾವಿನಹಣ್ಣಿನಂತೆ. ಇನ್ನೊಂದು ವರ್ಷಕ್ಕಾಗುವಷ್ಟು ಉಂಡು ಬರಬೇಕು. ಅಮೆರಿಕದ ಬಯಲಿನ ಆಜಾನುಬಾಹು ವೀರನ ಹ್ಯಾಟು ನಮ್ಮ ಹುಣಸೂರಿನ ಕುಳ್ಳನ ತಲೆಯೇರಿತೆಂದರೆ, ಚಿತ್ರದ ಹೆಸರು ಓದಿಯೇ ಅರ್ಧ ನಗೆ ಮುಗಿದಿರುತ್ತಿತ್ತು.

ಹುಡುಗ ನಗಲಿಲ್ಲ. ಕೇಳಿದ: "ಅಜ್ಜಾ, ಕೌಬಾಯ್ ಅಂದರೆ ದನ ಕಾಯೋನು ತಾನೆ? ಹಾಗಾದರೆ ದನ ಎಲ್ಲಿ?"

ಪ್ರಶ್ನೆ ಸರಿಯಾದದ್ದೇ. ಇಂಥ ಚಿತ್ರಗಳಲ್ಲಿ ಕುದುರೆ ಉಂಟು, ಪಿಸ್ತೂಲು ಉಂಟು. ದನವನ್ನು ಮಾತ್ರ ಹುಡುಕಬೇಕು. 1975ರಲ್ಲಿ ನಮ್ಮ ರಾಮನಗರದ ಬಂಡೆಗಳ ನಡುವೆ ತಯಾರಾಗಿ ಬಂದ 'ಶೋಲೆ'ಯದೂ ಅದೇ ಬಳಗ. ನಿಜವಾದ ಕೌಬಾಯ್ ಕೂಲಿಯಾಳು. 1865ರಲ್ಲಿ ಅಮೆರಿಕದ ಅಂತರ್ಯುದ್ಧ ಮುಗಿದ ಮೇಲೆ ಟೆಕ್ಸಾಸಿನ ದನಗಳನ್ನು ನೂರಾರು ಮೈಲಿ ಅಟ್ಟಿಕೊಂಡು ಕಾನ್ಸಾಸಿನ ರೈಲು ನಿಲ್ದಾಣಗಳಿಗೆ ಮುಟ್ಟಿಸುವುದು ಅವನ ಕೆಲಸ. ಅವರಲ್ಲಿ ಗುಲಾಮಗಿರಿಯಿಂದ ಬಿಡುಗಡೆಯಾದ ಕರಿಯರೂ ಮೆಕ್ಸಿಕನ್ನರೂ ಬಹಳ ಮಂದಿ. ಮುಳ್ಳುತಂತಿ ಬಂದು ಬಯಲಿಗೆ ಬೇಲಿ ಬಿತ್ತು, ರೈಲು ಊರೂರಿಗೆ ಬಂತು. ಇಪ್ಪತ್ತು-ಇಪ್ಪತ್ತೈದು ವರ್ಷಗಳಲ್ಲೇ ಆ ದೂರದ ದನದ ಹಾದಿಗಳು ಮುಗಿದವು. ಕೆಲಸ ಹೋದಮೇಲೆ ಸಿನಿಮಾದವರು ಅವನನ್ನು ವೀರನನ್ನಾಗಿ ಮಾಡಿದರು.

ದ್ವಾರಕೀಶರು ಮಾಡಿದ್ದೂ ಇಂಥದೇ ಒಂದು ಕೆಲಸ ಎನ್ನಿ. 'ಕುಳ್ಳ' ಎಂಬುದು ಶಾಲೆಯ ಅಂಗಳದ ಹೀಯಾಳಿಕೆ. ಮೈಸೂರಿನಲ್ಲಿ ಮೋಟಾರು ಬಿಡಿಭಾಗಗಳ ಅಂಗಡಿ ನಡೆಸಿದ್ದ ಈ ಮನುಷ್ಯ ಆ ಮಾತನ್ನೇ ಎತ್ತಿ ಕಿರೀಟ ಮಾಡಿಕೊಂಡರು. 1972ರಲ್ಲಿ 'ಕುಳ್ಳ ಏಜೆಂಟ್ 000', 1975ರಲ್ಲಿ 'ಕಳ್ಳ ಕುಳ್ಳ', 1978ರಲ್ಲಿ 'ಸಿಂಗಾಪುರದಲ್ಲಿ ರಾಜಾ ಕುಳ್ಳ'. ಕೊನೆಗೆ ಜನರೇ 'ಕರ್ನಾಟಕದ ಕುಳ್ಳ' ಎಂದು ಪ್ರೀತಿಯಿಂದ ಕರೆದರು. ಇನ್ನೂ ಒಂದು ತಮಾಷೆ ನೋಡಿ: ದ್ವಾರಕೀಶನೆಂದರೆ ಶ್ರೀಕೃಷ್ಣ, ದನ ಕಾದ ಗೊಲ್ಲರಲ್ಲೆಲ್ಲ ಹೆಸರಾಂತವನು! ಕೌಬಾಯ್ ವೇಷಕ್ಕೆ ಅವರಿಗಿಂತ ಹಕ್ಕುದಾರರು ಯಾರು?

ಆದರೆ 'ದನ ಕಾಯುವವನು' ಎಂಬ ಮಾತಿಗೆ ಕಿರೀಟ ತೊಡಿಸುವವರು ನಮ್ಮಲ್ಲಿ ಹುಟ್ಟಲಿಲ್ಲ. ನಾಗಪುರದಲ್ಲಿ ಕೂತು ಈ ಮಾತು ಕೇಳಿದರೆ ನನಗೆ ಬೇರೆಯೇ ನೆನಪಾಗುತ್ತದೆ. ವಿದರ್ಭದ ಗೋವಾರಿಗಳು ತಲೆತಲಾಂತರದಿಂದ ಊರ ದನ ಕಾಯುವ ಜನ. ನಮ್ಮ ಗೋವಳರೇ ಎನ್ನಿ. ತಮ್ಮನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂದು 1994ರ ನವೆಂಬರ್ 23ರಂದು, ಚಳಿಗಾಲದ ಅಧಿವೇಶನ ನಡೆದಿದ್ದಾಗ, ಹಳ್ಳಿಹಳ್ಳಿಗಳಿಂದ ವಿಧಾನಭವನದತ್ತ ಮೆರವಣಿಗೆ ಬಂದರು. ಲಾಠಿ ಬೀಸಿತು, ನೂಕುನುಗ್ಗಲಾಯಿತು; 114 ಮಂದಿ ಸತ್ತರು. ಸತ್ತವರಲ್ಲಿ ಹೆಂಗಸರೂ ಮಕ್ಕಳೂ ಬಹಳ. 2018ರಲ್ಲಿ ಹೈಕೋರ್ಟಿನ ನಾಗಪುರ ಪೀಠ ಅವರ ಪರ ತೀರ್ಪು ಕೊಟ್ಟಿತು; 2020ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಸೀತಾಬರ್ಡಿಯಲ್ಲಿ ಅವರ ಸ್ಮಾರಕವಿದೆ, ಅಲ್ಲಿನ ಮೇಲ್ಸೇತುವೆಗೂ ಅವರದೇ ಹೆಸರಿದೆ. ನಮ್ಮ ಸ್ಕೂಟರುಗಳು ದಿನವೂ ಅದರ ಮೇಲೆ ಹಾಯುತ್ತವೆ.

ಹುಡುಗನಿಗೆ ಇದಿಷ್ಟನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನಮ್ಮೂರಲ್ಲೂ ಕೌಬಾಯ್‌ಗಳಿದ್ದಾರೆ" ಎಂದ.

ಇದ್ದಾರೆ. ಬಲಿಪಾಡ್ಯಮಿಯ ದಿನ ನಾವು ಊರಲ್ಲಿ ಹಸುವಿಗೆ ಕುಂಕುಮವಿಟ್ಟು ಆರತಿ ಎತ್ತುತ್ತಿದ್ದೆವಲ್ಲ, ಅದೇ ದಿನ ಇಲ್ಲಿನ ಹಳ್ಳಿಗಳಲ್ಲಿ ಗೋವಾರಿಗಳು ದನಗಳನ್ನು ಸಿಂಗರಿಸಿ 'ಗಾಯಗೋಧನ್' ಆಚರಿಸುತ್ತಾರೆ, ಕುಣಿಯುತ್ತಾರೆ. ಸಂಘದ ದೀಪಾವಳಿ ಕಾರ್ಯಕ್ರಮ ಮುಗಿದ ಮೇಲೆ ಮಕ್ಕಳನ್ನು ಕರೆದುಕೊಂಡು ಒಮ್ಮೆ ನೋಡಿ ಬರೋಣ. ಹಬ್ಬವೊಂದೇ, ಭಾಷೆ ಮಾತ್ರ ಬೇರೆ ಎಂಬುದು ಅವರಿಗೂ ತಿಳಿಯಲಿ. ಆ ಹಳೆಯ ಬೈಗುಳವನ್ನು ಬೇಕಾದರೆ ಆಮೇಲೆ ಬಯ್ಯೋಣ, ಬಾಯಿ ಬಂದರೆ.