ಟಾಪಿಲ್ಲದ ಜಾಗ್ವಾರು

ನಿಘಂಟುಗಳನ್ನಿಡುವುದಕ್ಕೆಂದು ಬಹಳ ವರ್ಷಗಳ ಹಿಂದೆ ತೇಗದ ಮರದಲ್ಲಿ ಮಾಡಿಸಿದ ಗಾಜಿನ ಬೀರುವಿನ ನಡುವಣ ಅಂತಸ್ತಿನಲ್ಲಿ ಈಗ ನಿಘಂಟುಗಳಿಲ್ಲ. ಅವು ಒಂದೊಂದಾಗಿ ಕೆಳಕ್ಕಿಳಿದು, ಅಲ್ಲಿಂದ ಮಂಚದಡಿಯ ಟ್ರಂಕನ್ನು ಸೇರಿ, ತಮ್ಮ ಸ್ಥಾನವನ್ನು ಇಪ್ಪತ್ತಾರು ಮೋಟಾರು ಗಾಡಿಗಳಿಗೆ ತೆರವು ಮಾಡಿಕೊಟ್ಟಿವೆ. ಗಾಡಿಗಳೆಂದರೆ ಅಂಗೈಯಗಲದವು, ಡೈಕಾಸ್ಟ್ ಎಂದು ಕರೆಯುವ, ಅಚ್ಚಿನಲ್ಲಿ ಎರಕ ಹೊಯ್ದ ಲೋಹದ ಪ್ರತಿಕೃತಿಗಳು, ಎಲ್ಲವೂ ವೇಗಕ್ಕಾಗಿಯೇ ಹುಟ್ಟಿದ ಸ್ಪೋರ್ಟ್ಸ್ ಕಾರುಗಳು. ಜೀವಮಾನವೆಲ್ಲ ಸಿಟಿ ಬಸ್ಸಿನಲ್ಲಿ ಓಡಾಡಿ, ಇಂದಿಗೂ ಆಟೋದವನೊಡನೆ ಹತ್ತು ರೂಪಾಯಿಗಾಗಿ ವಾದಿಸುವ ಮನುಷ್ಯನಿಗೆ ಜಾಗ್ವಾರು ಫೆರಾರಿಗಳ ಗೊಡವೆ ಏಕೆಂದು ಬಂಧುಗಳು ಕೇಳುವುದುಂಟು. ನನ್ನ ಮನೆಯಾಕೆ ಮಾತ್ರ ಈ ವಿಷಯದಲ್ಲಿ ಉದಾರಿ. "ಪೆಟ್ರೋಲು ಕುಡಿಯೋದಿಲ್ಲವಲ್ಲ, ಅದೇ ನಮ್ಮ ಪುಣ್ಯ" ಎಂದು ಕೇಳಿದವರನ್ನು ಆಕೆಯೇ ಸಮಾಧಾನಪಡಿಸುತ್ತಾಳೆ.

ಈ ಗಾಡಿಗಳ ಬೆಲೆಯ ವಿಚಾರವು ತರ್ಕಶಾಸ್ತ್ರಕ್ಕೆ ಸುಲಭವಾಗಿ ವಶವಾಗತಕ್ಕದ್ದಲ್ಲ. ದ್ರವ್ಯವನ್ನು ನೋಡಿದರೆ ಬಹುಭಾಗ ಸತು, ಅದಕ್ಕೆ ನೂರಕ್ಕೆ ನಾಲ್ಕು ಪಾಲಿನಷ್ಟು ಅಲ್ಯುಮಿನಿಯಂ, ಚಿಟಿಕೆಯಷ್ಟು ತಾಮ್ರ ಮತ್ತು ಮೆಗ್ನೀಸಿಯಂ. ಕರಗಿದ ಈ ಮಿಶ್ರಣವನ್ನು ಒತ್ತಡದಿಂದ ಉಕ್ಕಿನ ಅಚ್ಚಿಗೆ ನುಗ್ಗಿಸಿದರೆ ಕಾರಿನ ಮೈ ಸಿದ್ಧವಾಯಿತು. ಗುಜರಿಯವನ ತಕ್ಕಡಿಗೆ ಹಾಕಿದರೆ ನನ್ನ ಬೀರುವಿನ ಸಮಸ್ತ ವೈಭವಕ್ಕೂ ಎರಡು ಮಸಾಲೆದೋಸೆಯ ದುಡ್ಡು ಹುಟ್ಟೀತೋ ಇಲ್ಲವೋ. ಅವುಗಳಲ್ಲಿ ಹಲವು 1:43ರ ಪ್ರಮಾಣದವು. ನಾಲ್ವತ್ತಲ್ಲ, ಐವತ್ತಲ್ಲ, ಈ ವಕ್ರಸಂಖ್ಯೆ ಏಕೆ ಬಂತೆಂದು ವಿಚಾರಿಸಿದಾಗ ತಿಳಿದದ್ದು, ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಫ್ರಾಂಕ್ ಹಾರ್ನ್‌ಬಿಯ ಮೆಕ್ಯಾನೋ ಕಂಪನಿಯು ತನ್ನ ಆಟದ ರೈಲುಗಳನ್ನು ನಿಜವಾದ ಒಂದು ಅಡಿಗೆ ಏಳು ಮಿಲಿಮೀಟರಿನ ಲೆಕ್ಕದಲ್ಲಿ ಮಾಡುತ್ತಿದ್ದಿತೆಂಬುದು. ಆ ರೈಲಿನ ನಿಲ್ದಾಣದ ಮುಂದೆ ನಿಲ್ಲಿಸುವುದಕ್ಕೆ ಹುಟ್ಟಿದ ಡಿಂಕಿ ಕಾರುಗಳಿಗೂ ಬಹುಮಟ್ಟಿಗೆ ಅದೇ ಲೆಕ್ಕ ಬಂದು, ಆಂಗ್ಲರ ಅಡಿಯನ್ನು ಫ್ರೆಂಚರ ಮಿಲಿಮೀಟರಿನಿಂದ ಭಾಗಿಸಿದ ಆ ಅಸವರ್ಣ ವಿವಾಹದ ಶಿಶುವೇ ನಾಲ್ವತ್ತಮೂರು.

ಬೆಲೆಯು ದ್ರವ್ಯದಲ್ಲಿಲ್ಲವಾದರೆ ಮತ್ತೆಲ್ಲಿದೆ? ಇದಕ್ಕೆ ನಾನು ಕೊಡಬಲ್ಲ ಅತ್ಯುತ್ತಮ ದೃಷ್ಟಾಂತವೆಂದರೆ ಕಾರ್ಗಿಯೆಂಬ ಆಟಿಕೆ ಕಂಪನಿಯ 261ನೆಯ ನಂಬರಿನ ಆಸ್ಟನ್ ಮಾರ್ಟಿನ್. 'ಗೋಲ್ಡ್‌ಫಿಂಗರ್' ಚಿತ್ರದ ಮರುವರ್ಷ, 1965ರಲ್ಲಿ, ವೇಲ್ಸಿನ ಸ್ವಾನ್ಸೀಯ ಕಾರ್ಖಾನೆಯಿಂದ ಅದು ಹೊರಬಿತ್ತು. ಚಿತ್ರದಲ್ಲಿ ಜೇಮ್ಸ್ ಬಾಂಡನ ಕಾರು ಬೆಳ್ಳಿಯ ಬಣ್ಣದ್ದು. ಆಟಿಕೆಗೆ ಬೆಳ್ಳಿಯ ಬಣ್ಣ ಹಚ್ಚಿದರೆ ಬಣ್ಣವನ್ನೇ ಕಾಣದ ಬರಿಯ ಸತುವಿನಂತೆ ತೋರೀತೆಂದು ತಯಾರಕರು ಚಿನ್ನದ ಬಣ್ಣ ಹಚ್ಚಿದರು. ಒಂದು ಗುಂಡಿಯೊತ್ತಿದರೆ ಮುಂದಿನ ಬಂಪರಿನಿಂದ ಬಂದೂಕುಗಳು ಚಾಚಿಕೊಳ್ಳುತ್ತವೆ, ಇನ್ನೊಂದನ್ನೊತ್ತಿದರೆ ಛಾವಣಿ ತೆರೆದು ಪಕ್ಕದ ಆಸನದ ಖಳನು ಆಕಾಶಕ್ಕೆ ನೆಗೆಯುತ್ತಾನೆ. ನೆಗೆದವನು ಸೋಫಾದ ಕೆಳಗೋ ಬಚ್ಚಲ ತೂಬಿಗೋ ಹೋಗುವುದು ಖಚಿತವೆಂಬುದನ್ನರಿತ ದಯಾಳುಗಳಾದ ಅವರು ಡಬ್ಬಿಯೊಳಗೆ ಇನ್ನೊಬ್ಬ ಖಳನನ್ನೂ, ಒಂದು ಗುಪ್ತಸೂಚನೆಗಳ ಲಕೋಟೆಯನ್ನೂ ಇಟ್ಟಿದ್ದರು. ಆ ಕಾರುಗಳು ಲಕ್ಷಗಟ್ಟಲೆ ಮಾರಾಟವಾದುವಷ್ಟೆ. ಆದುದರಿಂದ ಕಾರಿಗೆ ಇಂದೇನೂ ಬರವಿಲ್ಲ. ಬರವಿರುವುದು ಡಬ್ಬಿಗೆ, ಲಕೋಟೆಗೆ, ನೆಗೆಯದೆ ಉಳಿದ ಆ ಎರಡನೆಯ ಖಳನಿಗೆ. ಬರಿಯ ಕಾರಿಗೂ ಡಬ್ಬಿ ಸಮೇತ ಸರ್ವಾಂಗಪೂರ್ಣವಾದ ಕಾರಿಗೂ ಇಂದು ನೂರಾರು ಪೌಂಡುಗಳ ಅಂತರ. ಅಂದರೆ ಮಗುವು ಮಗುವಿನಂತೆ ನಡೆದುಕೊಂಡಿದ್ದರೆ ಕಳೆದುಹೋಗಲೇಬೇಕಾಗಿದ್ದ ವಸ್ತುಗಳಿಗೆ ನಾವು ಹೆಚ್ಚಿನ ಹಣ ಕೊಡುತ್ತೇವೆ. ಎಂದೋ ಎಲ್ಲಿಯೋ ಒಂದು ಮಗುವು ಆಡದೆ ಕುಳಿತದ್ದಕ್ಕೆ ತೆರುವ ಬೆಲೆ ಅದು. ಇದನ್ನು ಯೋಚಿಸಿದಾಗಲೆಲ್ಲ ನನಗೆ ಸ್ವಲ್ಪ ಅಪರಾಧಭಾವ ಉಂಟಾಗುತ್ತದೆ, ಆದರೆ ಡಬ್ಬಿಯ ಆಸೆಯೇನೂ ಹೋಗುವುದಿಲ್ಲ.

ನನ್ನ ಸ್ವಂತದ ಕಥೆ ಇಷ್ಟು ವೈಭವದ್ದಲ್ಲ. ಡಿಂಕಿಯವರು ತಮ್ಮ ಹಳೆಯ ಅಚ್ಚುಗಳಲ್ಲಿ ಕೆಲವನ್ನು ಅರುವತ್ತರ ದಶಕದ ಕೊನೆಯ ಭಾಗದಲ್ಲಿ ಕಲ್ಕತ್ತೆಗೆ ಕೊಟ್ಟರು. ಅಲ್ಲಿಯವರು ಡಿಂಕಿಯೆಂಬ ಹೆಸರನ್ನು ಅಳಿಸಿ, ಕಿವಿಗೆ ದೂರವಾಗದ ಹಾಗೆ ನಿಕಿ ಎಂದಿಟ್ಟು, ಅದೇ ಕಾರುಗಳನ್ನು ನಮ್ಮ ದೇಶದ ಮಕ್ಕಳಿಗಾಗಿ ಎರಕ ಹೊಯ್ದರು. ಬಣ್ಣ ದಪ್ಪ, ಅಂಚು ಒರಟು, ಆದರೂ ಒಳಗಿನ ಅಸ್ಥಿಪಂಜರ ಲಿವರ್‌ಪೂಲಿನದೇ. 1961ರಲ್ಲಿ ಜಿನೀವಾದ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಆ ನೀಳಮೂತಿಯ ಜಾಗ್ವಾರ್ ಇ-ಟೈಪೂ ಅವುಗಳಲ್ಲೊಂದು. ಬೇಕಾದಾಗ ಹಾಕಿ ಬೇಡವಾದಾಗ ತೆಗೆಯಬಹುದಾದ ಗಟ್ಟಿ ಟಾಪು ಅದಕ್ಕುಂಟು. ಬಾಲ್ಯದಲ್ಲಿ ನಮ್ಮ ಬೀದಿಯ ಡಾಕ್ಟರ ಮಗನ ಕೈಯಲ್ಲಿ ಅದನ್ನು ಕಂಡಿದ್ದೆ. ಮುಟ್ಟಲು ಕೊಟ್ಟಿರಲಿಲ್ಲ, ವಿಷಯ ಇಷ್ಟೆ.

ಚಿಕ್ಕಪೇಟೆಯ ಭಾನುವಾರದ ಸಂತೆಯಲ್ಲಿ, ತುಕ್ಕು ಹಿಡಿದ ಬೀಗಗಳು, ನಿಂತ ಗಡಿಯಾರಗಳು, ಒಂಟಿ ಷೂಗಳು ಇವುಗಳ ನಡುವೆ, ಗೋಣಿತಾಟಿನ ಮೇಲೆ ಅದೇ ಜಾಗ್ವಾರು ತನ್ನ ಟಾಪಿನ ಸಮೇತವಾಗಿ ನನ್ನ ಕಣ್ಣಿಗೆ ಬಿದ್ದಾಗ ನನಗೆ ಐವತ್ತು ದಾಟಿತ್ತು. ಬೆಳಗಿನ ಎಂಟು ಗಂಟೆ.

"ಬೋಣಿ ಟೈಮು ಸಾರ್, ನಾನೂರು ಕೊಡಿ."

ನಾನು ಇನ್ನೂರು ಎಂದೆ. ಅವನು ನಕ್ಕು, ಮುನ್ನೂರೈವತ್ತಕ್ಕೆ ಇಳಿದ. ಚೌಕಾಸಿಯ ಶಾಸ್ತ್ರದಲ್ಲಿ ಹೇಳಿರುವಂತೆ, ವಸ್ತುವಿನ ಕಡೆ ಮತ್ತೆ ನೋಡದೆ, ಕೂಗಿ ಕರೆಯುವನೆಂಬ ಭರವಸೆಯಿಂದ, ಹತ್ತು ಹೆಜ್ಜೆ ನಡೆದೆ, ಕರೆಯಲಿಲ್ಲ. ಇಪ್ಪತ್ತು ಹೆಜ್ಜೆ ನಡೆದೆ. ಬೀದಿಯ ತುದಿಯಲ್ಲಿ ಒಂದು ಲೋಟ ಕಾಫಿ ಕುಡಿದು, ಮುನ್ನೂರಕ್ಕೆ ಮನಸ್ಸನ್ನು ಒಪ್ಪಿಸಿ, ಹಿಂದಿರುಗುವಷ್ಟರಲ್ಲಿ ಗೋಣಿತಾಟಿನ ಮೇಲೆ ಜಾಗ್ವಾರಿರಲಿಲ್ಲ. ವ್ಯಾಪಾರಿಯು ಮಾತನಾಡದೆ ಗಲ್ಲದಿಂದಲೇ ದಿಕ್ಕು ತೋರಿದ. ರಸ್ತೆಯಂಚಿನಲ್ಲಿ ನಿಲ್ಲಿಸಿದ್ದ ಒಂದು ಸ್ಕೂಟರಿನ ಸೀಟಿನ ಮೇಲೆ ನಾಲ್ಕೈದು ವರ್ಷದ ಹುಡುಗನೊಬ್ಬನು ಬಾಯಿಂದ ಶಬ್ದ ಮಾಡುತ್ತ ಕಾರನ್ನು ಓಡಿಸುತ್ತಿದ್ದನು. ಟಾಪು ಆಗಲೇ ಬೇರೆಯಾಗಿ ಅವನ ಇನ್ನೊಂದು ಕೈಯಲ್ಲಿತ್ತು. ಸೀಟಿನ ತುದಿ ಬಂತು, ಕಾರು ಅಲ್ಲಿ ನಿಲ್ಲಲಿಲ್ಲ, ಟಾರಿನ ಮೇಲೆ ಬಿತ್ತು. ಹುಡುಗನು ಎತ್ತಿಕೊಂಡು ಪುನಃ ಓಡಿಸಿದನು. ತಂದೆಯು ಚೌಕಾಸಿ ಮಾಡದೆ ನಾನೂರನ್ನೇ ಕೊಟ್ಟಿದ್ದನಂತೆ.

ಆ ಮೇಲಿನ ಒಂಬತ್ತು ವರ್ಷ ನಾನು ಕಾದೆನೆಂದು ಹೇಳಿಕೊಳ್ಳುವುದು ಆತ್ಮಪ್ರಶಂಸೆಯಾದೀತು. ಸಿಕ್ಕದಿರುವಾಗ ಕಾಯದೆ ಮತ್ತೇನು ಮಾಡುವುದು? ಈ ನಡುವೆ ಮಾಲುಗಳ ಆಟಿಕೆಯಂಗಡಿಗಳಿಗೂ ಹೋಗಿ ನೋಡಿದೆ. ಹಾಟ್ ವೀಲ್ಸಿನವರು 1995ರಿಂದ 'ಟ್ರೆಷರ್ ಹಂಟ್' ಎಂಬ ವಿರಳವಾದ ಕಾರುಗಳನ್ನು ಸಾಧಾರಣ ಕಾರುಗಳ ನಡುವೆ ಬೆರೆಸಿ ಕಳುಹಿಸುತ್ತಾರೆ; ಅದಕ್ಕಾಗಿ ಬಾಗಿಲು ತೆರೆಯುವ ಮುಂಚೆಯೇ ಬಂದು ನಿಂತು, ತೆರೆದೊಡನೆ ಕೊಕ್ಕೆಗಳಿಗೆ ತೂಗುಹಾಕಿದ ಪೊಟ್ಟಣಗಳನ್ನು ಇಸ್ಪೀಟಿನೆಲೆಯಂತೆ ತಿರುವಿಹಾಕುವ ಯುವಕರುಂಟು. ಎಂ.ಆರ್.ಪಿ.ಗೆ ಕೊಂಡದ್ದನ್ನು ಸಂಜೆಗೇ ಹಲವು ಪಟ್ಟು ಬೆಲೆಗೆ ಮಾರುವವರೂ ಅವರಲ್ಲಿದ್ದಾರೆ. ಅವರ ಚುರುಕು ಮೆಚ್ಚತಕ್ಕದ್ದೇ. ಆದರೆ ಅದು ಬೇರೆಯ ವಿದ್ಯೆ, ಮಂಡಿಯ ವಿದ್ಯೆ. ನನ್ನಂಥವನ ನಿಧಾನದಲ್ಲಿ ಅರ್ಧ ಜಿಪುಣತನ, ಇನ್ನರ್ಧ ಸಿಕ್ಕಿಬಿಟ್ಟರೆ ಭಾನುವಾರ ಏನು ಮಾಡುವುದೆಂಬ ಭಯ. ಹಾಗೆಂದು ಎಷ್ಟು ಕಾಲವಾದರೂ ಕಾಯಬಹುದೆಂಬ ಧೈರ್ಯವೂ ಸಲ್ಲದು. ಸತುವಿನೊಳಗೆ ಲೇಶಮಾತ್ರ ಸೀಸ ಬೆರೆತಿದ್ದರೂ ಅದು ಒಳಗಿನಿಂದಲೇ ಕೊರೆಯತೊಡಗಿ, ಮೈಯೆಲ್ಲ ಉಬ್ಬಿ, ಬಿರಿದು, ಕಡೆಗೆ ಹಳೆಯ ಸುಣ್ಣದಂತೆ ಉದುರುವುದು. ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಎಷ್ಟೋ ಡಿಂಕಿಗಳು ಹೀಗೆ ಬೀರುವಿನಲ್ಲಿ ಭದ್ರವಾಗಿದ್ದುಕೊಂಡೇ ಅಳಿದುಹೋದುವು. ಈ ಕ್ಷಯಕ್ಕೆ ಮದ್ದಿಲ್ಲ.

ಒಂಬತ್ತನೆಯ ವರ್ಷ, ಅದೇ ಬೀದಿಯಲ್ಲಿ, ಬೇರೊಬ್ಬನ ತಾಟಿನ ಮೇಲೆ ಇನ್ನೊಂದು ನಿಕಿ ಜಾಗ್ವಾರು ಸಿಕ್ಕಿತು. ಮುಂಗಾಜು ಬಿರುಕು ಬಿಟ್ಟಿತ್ತು, ಒಂದು ಟೈರು ಇರಲಿಲ್ಲ, ಟಾಪೂ ಇರಲಿಲ್ಲ. ಈ ವ್ಯಾಪಾರಿಯ ಜೇಬಿನಲ್ಲಿ ಫೋನಿತ್ತು. ವಿಲಾಯತಿಯಲ್ಲಿ ಇಂಥದಕ್ಕೆ ಏನು ಬೆಲೆಯೆಂದು ಅದನ್ನು ನನ್ನ ಮೂಗಿನ ಬಳಿ ಹಿಡಿದು ತೋರಿಸಿ, ಎರಡು ಸಾವಿರದ ಇನ್ನೂರು ಎಂದ. "ಅದು ಡಬ್ಬಿ ಇರೋದಪ್ಪ, ಟಾಪೂ ಇದೆ ನೋಡು" ಎಂದೆ. "ನಿಮಗೆ ಬೇಕಾಗಿರೋದು ಕಾರು ತಾನೇ ಸಾರ್, ಡಬ್ಬಿ ತಗೊಂಡು ಏನ್ಮಾಡ್ತೀರಿ?" ಎಂದ. ಕಾಲುಗಳು ಹತ್ತು ಹೆಜ್ಜೆ ನಡೆಯಲು ಸಿದ್ಧವಾದುವು. ಸ್ಕೂಟರಿನ ಸೀಟು ನೆನಪಾಗಿ ನಿಂತೆ. ಎರಡು ಸಾವಿರದ ಇನ್ನೂರನ್ನೂ ಎಣಿಸಿ ಕೊಟ್ಟೆ.

ಅಚ್ಚು ಒಂದೇ ಆದುದರಿಂದ ಡಿಂಕಿಗೆ ಆಗುವ ಟಾಪು ನಿಕಿಗೂ ಆಗಬೇಕು. ಹಳೆಯ ಡಿಂಕಿಗಳಿಗೆ ಹೊಸ ಬಿಡಿಭಾಗಗಳನ್ನು ಮಾಡಿ ಮಾರುವವರು ಇಂಗ್ಲೆಂಡಿನಲ್ಲಿದ್ದಾರೆ. ಅಲ್ಲಿಂದ ಒಂದು ಟಾಪನ್ನು, ಅದರ ಬೆಲೆಗಿಂತ ಅಂಚೆಯ ಖರ್ಚೇ ಹೆಚ್ಚಾದುದನ್ನು ಮನೆಯಲ್ಲಿ ಮರೆಮಾಚಿ, ತರಿಸಿದೆ. ಜೀರುಂಡೆಯ ಬೆನ್ನಿನ ಚಿಪ್ಪಿನಂಥ ವಸ್ತು. ಕಾರಿನ ಮೇಲಿಟ್ಟೆ; ಹೆಣೆದಂತೆ ಕುಳಿತಿತು. ಆದರೆ ಐವತ್ತು ವರ್ಷ ಪೆಟ್ಟು ತಿಂದ ಆ ಮೈಯ ಮೇಲೆ ಅಷ್ಟು ನುಣ್ಣಗಿನ ತಲೆ ನೋಡಲು, ಷಷ್ಟ್ಯಬ್ದಿಯ ಮದುಮಗನಿಗೆ ಹೊಸ ಬಾಸಿಂಗ ಕಟ್ಟಿದಂತೆ ಕಂಡಿತು. ತೆಗೆದು ಪಕ್ಕದಲ್ಲಿಟ್ಟೆ. ಮರುದಿನ ಬೀರುವಿನ ಧೂಳೊರೆಸುತ್ತಿದ್ದ ಮನೆಯಾಕೆ ಅದನ್ನು ಬೆರಳ ತುದಿಯಲ್ಲಿ ಹಿಡಿದುಕೊಂಡು ಅಡುಗೆಮನೆಯವರೆಗೂ ಹೋಗಿ ಬಂದು, "ಯಾವ ಡಬ್ಬಿಗೂ ಸರಿಹೋಗ್ತಿಲ್ಲ, ಇದು ಯಾವುದರ ಮುಚ್ಚಳ ಅಂದ್ರೆ?" ಎಂದು ಕೇಳಿದಳು.