ಮೂಲಗೇಣಿಯ ಬಂದರು

ಹಂಬನ್‌ತೋಟ ಎಂಬ ಹೆಸರನ್ನು ಪತ್ರಿಕೆಯಲ್ಲಿ ಮೊದಲು ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಅಡಿಕೆ ತೋಟ. ಸಿಂಹಳದಲ್ಲಿ ‘ತೊಟ’ ಎಂದರೆ ದೋಣಿ ತಂಗುವ ಕಡವು ಎಂದು ತಿಳಿದದ್ದು ಅಲ್ಲಿಗೆ ಹೋದ ಮೇಲೆ. ಮಲಯ ನಾವಿಕರ ಸಂಪಾನ್ ದೋಣಿಗಳು ನಿಲ್ಲುತ್ತಿದ್ದವು, ಅದಕ್ಕೇ ಈ ಹೆಸರು ಅನ್ನುತ್ತಾರೆ ಊರಿನವರು.

*

ಶ್ರೀಲಂಕಾದ ಕತರಗಾಮಕ್ಕೆ ಹೋಗಿದ್ದೆವು. ಕುಕ್ಕೆ ಸುಬ್ರಹ್ಮಣ್ಯನನ್ನು ನಂಬಿದ ಮನೆಯವರು ನಾವು, ಅಲ್ಲಿರುವವನೂ ಅವನೇ. ವಾಪಸು ಬರುವಾಗ ತಿಸ್ಸಮಹಾರಾಮ ದಾಟಿ ಹಂಬನ್‌ತೋಟದ ಬಸ್ಸು ಹಿಡಿದರೆ ದಾರಿಯುದ್ದಕ್ಕೂ ಮೊಸರಿನ ಅಂಗಡಿಗಳು. ಮಣ್ಣಿನ ಮಡಕೆಯಲ್ಲೇ ಹೆಪ್ಪುಗಟ್ಟಿದ ಎಮ್ಮೆ ಮೊಸರು, ಅದರ ಮೇಲೆ ಬೈನೆ ಮರದ ಸಿಹಿನೀರು ಕುದಿಸಿ ಮಾಡಿದ ಪಾಕ. ನಮ್ಮ ಘಟ್ಟದ ಕಾಡಿನಲ್ಲಿರುವ ಅದೇ ಬೈನೆ. ಆಮೇಲೆ ಉಪ್ಪಿನ ಆಗರಗಳು, ಕಣ್ಣು ಬಿಡಲಾಗದಷ್ಟು ಬಿಳಿ. ಅದಾದ ಮೇಲೆ ರಸ್ತೆ ಇದ್ದಕ್ಕಿದ್ದಂತೆ ಅಗಲವಾಯಿತು. ನಮ್ಮ ಬಸ್ಸು, ಎರಡು ರಿಕ್ಷಾ, ನಾಲ್ಕು ಎಮ್ಮೆ ಬಿಟ್ಟರೆ ಅದರ ಮೇಲೆ ಯಾರೂ ಇರಲಿಲ್ಲ.

*

ಬಂದರು ಇರುವುದು ಕಡಲಿನಲ್ಲಲ್ಲ, ನೆಲದೊಳಗೆ. ಕರಗನ್ ಲೇವಾಯ ಎಂಬ ಉಪ್ಪುನೀರಿನ ಹಿನ್ನೀರನ್ನು 17 ಮೀಟರ್ ಆಳಕ್ಕೆ ಅಗೆದು ಕಡಲನ್ನು ಒಳಗೆ ಬಿಟ್ಟುಕೊಂಡಿದ್ದಾರೆ. ಪಣಂಬೂರಿನ ನವಮಂಗಳೂರು ಬಂದರನ್ನೂ ಹೀಗೇ ನೆಲ ಅಗೆದು ಮಾಡಿದ್ದು, ಹಾಗಾಗಿ ಇದು ನನಗೆ ವಿಚಿತ್ರವಾಗಿ ಕಾಣಲಿಲ್ಲ. ವಿಚಿತ್ರವಾಗಿ ಕಂಡದ್ದು ಬಂಡೆಯ ಕತೆ. 2008ರ ಜನವರಿಯಲ್ಲಿ ಕೆಲಸ ಶುರು. 2010ರ ನವೆಂಬರ್ 18ಕ್ಕೆ, ಅಂದರೆ ಆಗಿನ ಅಧ್ಯಕ್ಷ ಮಹಿಂದ ರಾಜಪಕ್ಸ ಅವರ 65ನೇ ಹುಟ್ಟುಹಬ್ಬದ ದಿನ, ಉದ್ಘಾಟನೆ. ಆದರೆ ಬಂದರಿನ ಬಾಯಲ್ಲೇ ದೊಡ್ಡ ಬಂಡೆಯೊಂದು ಕೂತಿತ್ತು. ದೊಡ್ಡ ಹಡಗು ಒಳಗೆ ಬರುವಂತಿರಲಿಲ್ಲ. ಅದನ್ನು ಸಿಡಿಸಲು ಆದ ಖರ್ಚು ಸುಮಾರು 4 ಕೋಟಿ ಡಾಲರ್ ಎಂದು ಆಗ ವರದಿಯಾಗಿತ್ತು. ಬಾವಿ ತೋಡುವ ಮೊದಲು ನಾವು ಕಲ್ಲು ಸಿಗುತ್ತದೋ ಇಲ್ಲವೋ ಎಂದು ಕೇಳುತ್ತೇವೆ. ಇಲ್ಲಿ ಆ ಅವಸರ ಯಾರದ್ದಾಗಿತ್ತು ಎನ್ನುವುದು ನನಗೆ ಬಡ್ಡಿಯ ದರಕ್ಕಿಂತ ಮುಖ್ಯವಾದ ಪ್ರಶ್ನೆ.

*

ಬಡ್ಡಿಯನ್ನೂ ಬರೆದಿಡಬೇಕು. ಮೊದಲ ಹಂತಕ್ಕೆ ಚೀನಾದ ಎಕ್ಸಿಮ್ ಬ್ಯಾಂಕ್ ಕೊಟ್ಟದ್ದು ಸುಮಾರು 30.7 ಕೋಟಿ ಡಾಲರ್, ಶೇಕಡಾ 6.3ರ ಬಡ್ಡಿಗೆ. ಮಾರುಕಟ್ಟೆಯ ಜೊತೆ ಏರಿಳಿಯುವ ಬಡ್ಡಿಯನ್ನೂ ಆರಿಸಿಕೊಳ್ಳಬಹುದಿತ್ತು. ಆಗ ದರಗಳು ಏರುತ್ತಿದ್ದವು, ಲಂಕಾ ಬದಲಾಗದ ಬಡ್ಡಿಯೇ ಇರಲಿ ಎಂದಿತು. ಮರುವರ್ಷದಲ್ಲೇ ಜಗತ್ತಿನ ಬಡ್ಡಿಯೆಲ್ಲ ಕುಸಿಯಿತು. ಎರಡನೇ ಹಂತಕ್ಕೆ 2012ರಲ್ಲಿ 75.7 ಕೋಟಿ ಡಾಲರ್, ಈ ಸಲ ಶೇಕಡಾ 2. ಅದೇ 2012ರಲ್ಲಿ ಹಂಬನ್‌ತೋಟಕ್ಕೆ ಬಂದ ಹಡಗು 34, ಕೊಲಂಬೊಗೆ 3,667. ದಕ್ಷಿಣಕ್ಕೆ ಹತ್ತು ಹದಿನೈದು ಮೈಲಿ ದೂರದಲ್ಲೇ ಪೂರ್ವ ಪಶ್ಚಿಮದ ಹಡಗುದಾರಿ ಇದೆ ನಿಜ. ಹೆದ್ದಾರಿ ಪಕ್ಕದಲ್ಲಿ ಹೋಟೆಲು ತೆರೆದ ಮಾತ್ರಕ್ಕೆ ಲಾರಿಗಳು ನಿಲ್ಲುತ್ತವೆಯೇ?

*

ಈ ಟಿಪ್ಪಣಿ ಪುಸ್ತಕ ತೆರೆಯಲು ನಿಜವಾದ ಕಾರಣ ಒಂದು ಶಬ್ದ. 2017ರ ಜುಲೈಯಲ್ಲಿ ಬಂದರನ್ನು ಚೀನಾ ಮರ್ಚೆಂಟ್ಸ್ ಪೋರ್ಟ್ ಎಂಬ ಕಂಪನಿಗೆ 99 ವರ್ಷಕ್ಕೆ ಕೊಟ್ಟರು, 112 ಕೋಟಿ ಡಾಲರಿಗೆ. ಈ ಕೊಟ್ಟದ್ದಕ್ಕೆ ಏನೆನ್ನಬೇಕು?

ಸಾಲ ತೀರಿಸಲಾಗದೆ ಅಡವು ಮುಳುಗಿತು ಎಂದು ನಾನೂ ನಂಬಿದ್ದೆ. ಲೆಕ್ಕ ಹಾಗೆ ಹೇಳುವುದಿಲ್ಲ. ಅಡವು ಮುಳುಗಿದರೆ ಸಾಲವೂ ತೀರಬೇಕು. ಇಲ್ಲಿ ಸಾಲ ಕೊಟ್ಟದ್ದು ಬ್ಯಾಂಕು, ಬಂದರು ಹಿಡಿದದ್ದು ಬೇರೆ ಕಂಪನಿ, ಬ್ಯಾಂಕಿನ ಸಾಲದಲ್ಲಿ ಒಂದು ರೂಪಾಯಿಯೂ ಇಳಿಯಲಿಲ್ಲ. ಬಂದ ಡಾಲರು ಲಂಕಾದ ವಿದೇಶಿ ವಿನಿಮಯದ ಪೆಟ್ಟಿಗೆಗೆ ಹೋಯಿತು. ಆ ಪೆಟ್ಟಿಗೆ ಬರಿದಾಗುತ್ತಿದ್ದದ್ದು ಮುಖ್ಯವಾಗಿ ಮಾರುಕಟ್ಟೆಯಲ್ಲಿ ಮಾರಿದ ಸಾವರಿನ್ ಬಾಂಡುಗಳ ಕಂತಿನಿಂದ. ಅವನ್ನು ಕೊಂಡ ಹೂಡಿಕೆದಾರರ ಹೆಸರನ್ನು ಯಾವ ಭಾಷಣದಲ್ಲೂ ಕೇಳಲಿಲ್ಲ.

ಭೋಗ್ಯವೇ? ಭೋಗ್ಯವಾದರೆ ಅವಧಿ ಮುಗಿದಾಗ ಹಣ ಹಿಂದಿರುಗಿಸಿ ಮನೆ ಬಿಡಿಸಿಕೊಳ್ಳುತ್ತೇವೆ. ಚಾಲಗೇಣಿಯೇ? ಧಣಿಗೆ ಬೇಡವಾದಾಗ ಬಿಡಿಸುವಂತಿರಬೇಕು. ನಮ್ಮ ದಕ್ಷಿಣ ಕನ್ನಡದ ಮುದುಕರ ಬಾಯಲ್ಲಿ ಇನ್ನೊಂದು ಶಬ್ದವಿದೆ, ಮೂಲಗೇಣಿ. ಮೊದಲೇ ಒಂದು ಮೊತ್ತ ಕೊಟ್ಟು, ತಲೆತಲಾಂತರಕ್ಕೆ ಹಿಡಿದುಕೊಳ್ಳುವುದು. ನೆಲ ಕಾಗದದಲ್ಲಿ ಧಣಿಯದ್ದು, ಗೆಯ್ಮೆ ಒಕ್ಕಲಿನದ್ದು. ಅಜ್ಜನ ಹಿತ್ತಿಲು ಅಂಥದ್ದೇ. ಒಡೆಯ ಯಾರು ಎಂದು ಕೇಳಿದರೆ ಅಜ್ಜ ಎರಡು ಉತ್ತರ ಕೊಡುತ್ತಿದ್ದರು, ಎರಡೂ ಸರಿ ಇರುತ್ತಿದ್ದವು. ಮೂಲಗೇಣಿದಾರರಿಗೆ ಒಡೆತನವನ್ನೇ ಕೊಡುವ ಕಾಯ್ದೆಯನ್ನು ನಮ್ಮ ರಾಜ್ಯ ತಂದದ್ದು 2011ರಲ್ಲಿ. ಆ ಜಗಳ ಕೋರ್ಟಿಗೂ ಹೋಯಿತು.

ಹಂಬನ್‌ತೋಟಕ್ಕೆ ಹತ್ತಿರ ಬರುವ ಶಬ್ದ ಇದೊಂದೇ. ಆದರೂ ಒಂದು ಕಡೆ ಹೊಂದುವುದಿಲ್ಲ. ಮೂಲಗೇಣಿ ಕೊಟ್ಟ ಧಣಿ ಆ ಹಿತ್ತಿಲಿಗಾಗಿ ಮಾಡಿದ ಸಾಲವನ್ನು ತಾನೇ ತೀರಿಸುತ್ತ ಕೂತಿರುವುದನ್ನು ನಾನು ಕಂಡಿಲ್ಲ.

*

ಬಂದರಿನಿಂದ ಸ್ವಲ್ಪ ಒಳಗೆ ಮತ್ತಳದ ವಿಮಾನ ನಿಲ್ದಾಣ. ಅದೂ ಚೀನಾದ ಸಾಲದ್ದೇ, ತೆರೆದದ್ದು 2013ರಲ್ಲಿ. ವಿಮಾನಗಳು ಬಾರದೆ 2015ರಲ್ಲಿ ಅದರ ಗೋದಾಮಿನಲ್ಲಿ ಭತ್ತ ತುಂಬಿಟ್ಟರು.

*

ಚೀನಾ ಈ ಬಂದರನ್ನು ಮಿಲಿಟರಿಗೆ ಬಳಸೀತು ಎಂಬ ಭಯದ ಬಗ್ಗೆ. 2022ರ ಆಗಸ್ಟ್ 16ರಂದು ಯುವಾನ್ ವಾಂಗ್ 5 ಎಂಬ ಚೀನಾದ ಹಡಗು ಇಲ್ಲಿ ಬಂದು ಆರು ದಿನ ನಿಂತಿತು. ಉಪಗ್ರಹ, ಕ್ಷಿಪಣಿಗಳ ಜಾಡು ಹಿಡಿಯುವ ಹಡಗು ಅದು. ಭಾರತ ಆತಂಕ ತಿಳಿಸಿತ್ತು, ಲಂಕಾ ಮೊದಲು ಸ್ವಲ್ಪ ತಡೆಯಿರಿ ಅಂದಿತು, ಆಮೇಲೆ ಒಪ್ಪಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ವಿದೇಶಿ ಸಾಲದ ಕಂತು ಕಟ್ಟಲಾಗದು ಎಂದು ಲಂಕಾ ಸಾರಿತ್ತು. ಸಾಲ ಯಾರಲ್ಲಿ ಉಳಿಸಿಕೊಂಡಿದ್ದೇವೋ ಅವರು ಮನೆ ಬಾಗಿಲಿಗೆ ಬಂದಾಗ ಆಗದು ಎನ್ನಲು ನಾಲಿಗೆ ಬರುವುದಿಲ್ಲ. ಒಪ್ಪಂದದಲ್ಲಿ ಏನು ಬರೆದಿದೆ ಎಂಬುದಕ್ಕಿಂತ ಈ ನಾಲಿಗೆಯ ವಿಷಯವೇ ನನ್ನನ್ನು ಹೆದರಿಸುತ್ತದೆ.

ಬಂದರು ಕಟ್ಟಿಕೊಡಿ ಎಂದು ಮೊದಲು ಭಾರತವನ್ನೇ ಕೇಳಿದ್ದೆ ಎಂದು ರಾಜಪಕ್ಸ ಹೇಳಿದ್ದಾರೆ. ಇನ್ನೊಂದು ಮಾತು. 2014ರಲ್ಲಿ ಚೀನಾದ ಜಲಾಂತರ್ಗಾಮಿ ಬಂದು ನಿಂತದ್ದು ಹಂಬನ್‌ತೋಟದಲ್ಲಲ್ಲ, ಕೊಲಂಬೊದಲ್ಲಿ. ಆ ಕೊಲಂಬೊದಲ್ಲಿ ಹಡಗು ಬದಲಿಸುವ ಸರಕಿನಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮ ದೇಶದ್ದು. ಪಣಂಬೂರಿನಿಂದ ಹೊರಡುವ ಚಿಕ್ಕಮಗಳೂರಿನ ಕಾಫಿ ಕೂಡ ಅಲ್ಲಿ ಇಳಿದು ದೊಡ್ಡ ಹಡಗು ಹತ್ತುವುದುಂಟು.

*

ಊರೊಳಗೆ ಒಂದು ಚಹಾದಂಗಡಿ. ಅಂಗಡಿಯ ಹಿರಿಯರು ಮಲಯ ಮನೆತನದವರು, ತಮಿಳು ಚೆನ್ನಾಗಿ ಬರುತ್ತಿತ್ತು. ನನ್ನ ಹರಕು ತಮಿಳಿಗೆ ಬೇಸರಪಡದೆ ‘ತಂಬಿ’ ಎಂದು ಕರೆದು ಮಾತಾಡಿಸಿದರು. 2004ರ ಡಿಸೆಂಬರ್ 26 ಭಾನುವಾರ, ಸಂತೆಯ ದಿನ. ಸುನಾಮಿ ಬಂದದ್ದು ಆ ಸಂತೆಯ ಮೇಲೆ. ಅವರು ಕೈಯಲ್ಲಿ ತೋರಿಸಿದರು, ಇಲ್ಲಿಯವರೆಗೆ ನೀರು. ಆಮೇಲೆ ಬಹಳ ಹೊತ್ತು ಲೋಟ ಒರೆಸಿದರು.

ಬಂದರು ಬಂದದ್ದು ಒಳ್ಳೆಯದಾಯಿತೇ ಎಂದು ಕೇಳಿದೆ. ನೇರ ಉತ್ತರ ಬರಲಿಲ್ಲ. ಭೂಮಿ ಹೋಗುತ್ತದೆ ಎಂದು 2017ರ ಜನವರಿಯಲ್ಲಿ ಜನ ಬೀದಿಗಿಳಿದಾಗ ಪೊಲೀಸರು ಜಲಫಿರಂಗಿ ಹಾರಿಸಿದ್ದನ್ನು ಹೇಳಿದರು. ಹಾಗೆಯೇ ತಮ್ಮ ತಂಗಿಯ ಮಗನಿಗೆ ಒಳಗೆ ಕೆಲಸ ಸಿಕ್ಕಿದ್ದನ್ನೂ ಹೇಳಿದರು. ಭಾರತದಿಂದ ಹಡಗಿನಲ್ಲಿ ಬಂದ ಹೊಸ ಕಾರುಗಳನ್ನು ಇಳಿಸಿ ಬಯಲಿನಲ್ಲಿ ನಿಲ್ಲಿಸುವುದು, ಬೇರೆ ದೇಶಕ್ಕೆ ಹೋಗುವ ಹಡಗು ಬಂದಾಗ ಮತ್ತೆ ಹತ್ತಿಸುವುದು. ದಿನಕ್ಕೆ ಎಷ್ಟು ಕಾರು ಎಂದು ಹುಡುಗ ಲೆಕ್ಕ ಇಡುವುದನ್ನು ಬಿಟ್ಟಿದ್ದಾನಂತೆ.

ಒಪ್ಪಂದದ ಅವಧಿ ಮುಗಿಯುವುದು 2116ರಲ್ಲಿ ಎಂದೆ. ಅವರು ನನ್ನ ಪುಸ್ತಕದತ್ತ ಕೈ ಚಾಚಿ ಆ ಅಂಕಿಯನ್ನು ಬರೆದು ತೋರಿಸಲು ಹೇಳಿದರು. ಬರೆದೆ. ಕನ್ನಡಕ ಏರಿಸಿ ಓದಿ, ಚಹಾಕ್ಕೆ ಇನ್ನಷ್ಟು ಸಕ್ಕರೆ ಬೇಕೇ ಎಂದು ಕೇಳಿದರು.