ಕಲ್ಲಿನಲ್ಲಿ ಇಲ್ಲದ ಜೋಡಿ

ವೀರಗಲ್ಲಿನ ಕಥೆ ತಿಳಿಯಲು ಅಕ್ಷರ ಬರಬೇಕೆಂದಿಲ್ಲ. ಕೆಳಗಿನ ಪಟ್ಟಿಕೆಯಲ್ಲಿ ಕತ್ತಿ ಹಿರಿದು ನಿಂತ ವೀರ. ನಡುವಿನದರಲ್ಲಿ ಅವನನ್ನು ಎತ್ತಿ ಒಯ್ಯುವ ಅಪ್ಸರೆಯರು. ಮೇಲಿನದರಲ್ಲಿ ಲಿಂಗದ ಮುಂದೋ ಜಿನನ ಮುಂದೋ ಕೈಮುಗಿದು ಕೂತ ಅದೇ ವೀರ. ಹೆಂಡತಿಗೂ ಒಂದು ಕಲ್ಲುಂಟು, ಮಹಾಸತಿಗಲ್ಲು: ಕಂಬದಿಂದ ಹೊರಚಾಚಿದ ತೋಳು, ಮೇಲೆತ್ತಿದ ಅಂಗೈ, ಮುಂಗೈ ತುಂಬ ಬಳೆ. ಅವನು ಸತ್ತ, ಇವಳೂ ಹೋದಳು, ಲೆಕ್ಕ ಚುಕ್ತಾ.

ಸಾಯದೆ ಕುಂಟುತ್ತ ಮನೆಗೆ ಬಂದವನ ಕಲ್ಲು ಎಲ್ಲಿ?

ಮಳಖೇಡದ ಕೋಟೆಯ ಹತ್ತಿರ ನಿಂತರೆ ಈ ಪ್ರಶ್ನೆ ಇನ್ನೂ ಹೆಚ್ಚು ಕಾಡುತ್ತದೆ. ಕಾಗಿಣಾ ದಂಡೆಯ ಈ ಊರು ರಾಷ್ಟ್ರಕೂಟರ ಮಾನ್ಯಖೇಟ. 972ರಲ್ಲಿ ಮಾಳವದ ಸೀಯಕ ದಂಡೆತ್ತಿ ಬಂದು ಇದನ್ನು ಸೂರೆ ಮಾಡಿದ. ಧನಪಾಲನೆಂಬ ಕವಿ ತನ್ನ ಪ್ರಾಕೃತ ನಿಘಂಟು ಬರೆದ ಕಾಲವನ್ನು ಹೇಳುವಾಗ ಈ ಸೂರೆಯನ್ನೇ ಗುರುತಾಗಿ ಇಟ್ಟುಕೊಂಡ. ಬೊಕ್ಕಸ ಹೋದದ್ದಕ್ಕೆ ಹೀಗೆ ದಾಖಲೆ ಉಳಿಯಿತು. ಆ ದಿನ ಕಾಲು ಕಳೆದುಕೊಂಡು ಬದುಕಿದ ಕಾಲಾಳುಗಳೂ ಇದ್ದಿರಲೇಬೇಕು. ಅವರ ಗಾಯ ತೊಳೆದವರು, ಗಂಜಿ ಕುಡಿಸಿದವರು ಇದ್ದಿರಲೇಬೇಕು. ಅವರ ಹೆಸರು ಯಾವ ಶಾಸನಕ್ಕೂ ಬೇಕಾಗಲಿಲ್ಲ.

ಅದೇ ಕಾಲದ ಇನ್ನೊಂದು ಮನೆಯ ಸುದ್ದಿ ಮಾತ್ರ ಉಳಿದಿದೆ. ಚಾಲುಕ್ಯ ತೈಲಪನ ಕಡೆಯ ನಾಗದೇವ ಯುದ್ಧದಲ್ಲಿ ಸತ್ತ. ಅವನ ಹೆಂಡಂದಿರು ಅಕ್ಕತಂಗಿಯರು. ಗುಂಡಮಬ್ಬೆ ಸಹಗಮನ ಮಾಡಿದಳು, ಅತ್ತಿಮಬ್ಬೆ ಉಳಿದು ಮಗನನ್ನು ಬೆಳೆಸಿದಳು. ಮಾನ್ಯಖೇಟದ ಮೂರನೆಯ ಕೃಷ್ಣನ ಆಸ್ಥಾನದಲ್ಲಿದ್ದ ಪೊನ್ನನ ಶಾಂತಿಪುರಾಣದ 1000 ಪ್ರತಿ ಬರೆಸಿ ಹಂಚಿದಳು. ರನ್ನ 993ರಲ್ಲಿ ಅಜಿತಪುರಾಣ ಬರೆದು ಅವಳನ್ನು ಕೊಂಡಾಡಿದ. ಉಳಿದವಳಿಗೆ ಕಾವ್ಯ ಸಿಕ್ಕಿತಲ್ಲ ಎಂದು ಸಂತೋಷಪಡಬಹುದು. ಆದರೆ ಅವಳೂ ಉಳಿದದ್ದು ಒಂಟಿಯಾಗಿ. ಇಬ್ಬರೂ ಉಳಿದು, ಒಬ್ಬರ ಹೆಗಲು ಇನ್ನೊಬ್ಬರು ಹಿಡಿದು ಸಂಸಾರ ಮುಂದುವರಿಸಿದರೆ ಅದನ್ನು ಹೇಳುವ ಬಗೆಯೇ ನಮಗಿನ್ನೂ ಗೊತ್ತಿಲ್ಲ.

ಇಂದಿಗೂ ಹಾಗೆಯೇ. 1971ರ ಡಿಸೆಂಬರಿನಲ್ಲಿ, ಈಗಿನ ಬಾಂಗ್ಲಾದೇಶದಲ್ಲಿ, ಗೂರ್ಖಾ ಪಡೆಯ ಮೇಜರ್ ಇಯಾನ್ ಕಾರ್ಡೋಜೊ ನೆಲಬಾಂಬ್ ತುಳಿದರು. ಛಿದ್ರವಾದ ಕಾಲನ್ನು ತಾವೇ ಖುಕ್ರಿಯಿಂದ ಕತ್ತರಿಸಿಕೊಂಡರು. ಮುಂದೆ ಕೃತಕ ಕಾಲಿನಲ್ಲೇ ಪದಾತಿ ಬೆಟಾಲಿಯನ್ ಮತ್ತು ಬ್ರಿಗೇಡ್ ನಡೆಸಿದ ಭಾರತದ ಮೊದಲ ಅಧಿಕಾರಿಯಾದರು. ಖುಕ್ರಿಯ ಕಥೆ ಎಲ್ಲರಿಗೂ ಬಾಯಿಪಾಠ. ಅದು ವೀರಗಲ್ಲಿನ ಕೆಳಗಿನ ಪಟ್ಟಿಕೆ. ಪತ್ನಿ ಪ್ರಿಸಿಲ್ಲಾ ಅವರ ಹೆಸರು ಎಷ್ಟು ಜನರಿಗೆ ಗೊತ್ತು? ನಮ್ಮ ಹುಬ್ಬಳ್ಳಿಯ ಕ್ಯಾಪ್ಟನ್ ನವೀನ್ ನಾಗಪ್ಪ 1999ರ ಜುಲೈನಲ್ಲಿ ಕಾರ್ಗಿಲ್‌ನ ಪಾಯಿಂಟ್ 4875ರ ಮೇಲೆ ಗ್ರೆನೇಡ್ ಸಿಡಿದು ಕಾಲುಗಳಿಗೆ ಗಾಯ ಮಾಡಿಕೊಂಡರು. ವಿಕ್ರಂ ಬಾತ್ರಾ ಹುತಾತ್ಮರಾದದ್ದೂ ಅದೇ ಶಿಖರದಲ್ಲಿ. ಆಮೇಲೆ ನವೀನ್ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದರು, ಸಾಲು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು, ಪರೀಕ್ಷೆ ಬರೆದು ಸೇನೆಯ ಎಂಜಿನಿಯರಿಂಗ್ ಸೇವೆಗೆ ಸೇರಿದರು. ಪ್ರತಿ ಜುಲೈನಲ್ಲೂ ಸಭೆಗಳಿಗೆ ಬೇಕಾಗುವುದು ಆ ಗ್ರೆನೇಡಿನ ಕಥೆ. ಆಸ್ಪತ್ರೆಯ ಮಂಚಕ್ಕೆ ಭಾಷಣದಲ್ಲಿ ಒಂದು ವಾಕ್ಯ ಸಿಕ್ಕರೆ ಹೆಚ್ಚು.

ಮಂಚದಿಂದ ಇಳಿದ ಮೇಲೆ ಮನೆ. ಮಳಖೇಡದ ಸುತ್ತಿನ ಸೇಡಂ, ಚಿತ್ತಾಪುರ ಕಡೆಯ ಮನೆ ಎಂದರೆ ಶಹಾಬಾದ ಫರ್ಸಿಕಲ್ಲಿನ ನೆಲ. ಬೇಸಿಗೆಗೆ ತಂಪು, ನೀರು ಬಿದ್ದರೆ ಜಾರುಬಂಡೆ. ಎತ್ತರದ ಹೊಸ್ತಿಲು, ನೆಲದ ಮೇಲೆ ಕೂತು ಊಟ, ಚಪ್ಪಲಿ ಹೊರಗೆ. ಬೂಟು ಹಾಕಿ ಕುರ್ಚಿಯಲ್ಲಿ ಕೂರುವವರಿಗೆಂದು ಮಾಡಿದ ಕೃತಕ ಕಾಲು ಇಂಥ ಮನೆಯಲ್ಲಿ ಹೊಂದುವುದು ಕಷ್ಟ. ಜೈಪುರದ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ವೈದ್ಯ ಪ್ರಮೋದ್ ಕರಣ್ ಸೇಥಿ ರಬ್ಬರಿನ ಪಾದ ಮಾಡಿದ್ದು ಈ ಕಾರಣಕ್ಕೇ: ಬರಿಗಾಲಲ್ಲಿ ನಡೆಯಬೇಕು, ಕುಕ್ಕರುಗಾಲಲ್ಲಿ ಕೂರಬೇಕು, ಕೆಸರುಗದ್ದೆಗೆ ಇಳಿಯಬೇಕು.

ಪಾದ ಸಿಕ್ಕಿತು ಎನ್ನಿ. ರಾತ್ರಿ ಅದನ್ನು ಬಿಚ್ಚಿ ಗೋಡೆಗೆ ಆನಿಸಿಟ್ಟ ಮೇಲೆ ಇನ್ನೊಂದು ಕಾಲು ಎಚ್ಚರಾಗುತ್ತದೆ, ಇಲ್ಲದ ಕಾಲು. ಅದರ ಹೆಬ್ಬೆರಳು ತುರಿಸುತ್ತದೆ, ಮೀನಖಂಡ ಹಿಂಡುತ್ತದೆ. ಅಮೆರಿಕದ ಅಂತರ್ಯುದ್ಧದಲ್ಲಿ ಗಾಯಾಳುಗಳನ್ನು ನೋಡಿಕೊಂಡ ವೈದ್ಯ ವೀರ್ ಮಿಚೆಲ್ ಇದನ್ನು ‘ಫ್ಯಾಂಟಮ್ ಲಿಂಬ್’ ಎಂದು ಕರೆದ. ಕೆರೆದುಕೊಳ್ಳಲು ಜಾಗವೇ ಇಲ್ಲದ ತುರಿಕೆ ಅದು. ಮೊದಮೊದಲು ಹೆಂಡತಿಗೆ ಗಂಡನ ತಲೆ ಕೆಟ್ಟಿತೇನೋ ಎಂದು ದಿಗಿಲಾಗುವುದು ಸಹಜ. ತಲೆ ಕೆಟ್ಟಿರುವುದಿಲ್ಲ. ಕಾಲು ಹೋದರೂ ಮಿದುಳಿನಲ್ಲಿ ಅದರ ನಕ್ಷೆ ಅಳಿಸಿಹೋಗಿರುವುದಿಲ್ಲ, ಅಷ್ಟೆ.

ಇದಕ್ಕೆ ಬಹಳ ಅಗ್ಗದ ಮದ್ದು ಕಂಡುಹಿಡಿದವರು ತಮಿಳುನಾಡು ಮೂಲದ ವಿ.ಎಸ್. ರಾಮಚಂದ್ರನ್, 1990ರ ದಶಕದಲ್ಲಿ. ಎರಡು ಕಾಲುಗಳ ನಡುವೆ ಉದ್ದನೆಯ ಕನ್ನಡಿ ನಿಲ್ಲಿಸಬೇಕು. ಗಟ್ಟಿಯಿರುವ ಕಾಲಿನ ಬಿಂಬ, ಹೋದ ಕಾಲಿನ ಜಾಗದಲ್ಲಿ ಮೂಡುತ್ತದೆ. ಗಟ್ಟಿ ಕಾಲಿನ ಬೆರಳು ಬಿಚ್ಚಿದರೆ ಇಲ್ಲದ ಕಾಲೂ ಬೆರಳು ಬಿಚ್ಚಿದ ಹಾಗೆ ಕಾಣುತ್ತದೆ, ಹಿಡಿದ ನರ ಸಡಿಲಾದ ಹಾಗೆ ಅನಿಸುತ್ತದೆ. ಕಾಲು ಕಳೆದುಕೊಂಡವರ ಮೇಲೆ ಅಮೆರಿಕದ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯಲ್ಲಿ ಮಾಡಿದ ಚಿಕ್ಕ ಪ್ರಯೋಗದ ವರದಿ 2007ರಲ್ಲಿ ಬಂತು. ದಿನಕ್ಕೆ 15 ನಿಮಿಷದಂತೆ 4 ವಾರ ಕನ್ನಡಿ ನೋಡಿದವರಿಗೆಲ್ಲ ನೋವು ಇಳಿದಿತ್ತು. ಬಟ್ಟೆ ಮುಚ್ಚಿದ ಕನ್ನಡಿಯ ಮುಂದೆ ಕೂತವರಲ್ಲಿ ಹೆಚ್ಚಿನವರಿಗೆ ಆ ಗುಣ ಸಿಗಲಿಲ್ಲ.

ದಿನಾ 15 ನಿಮಿಷ ಆ ಕನ್ನಡಿಯನ್ನು ಅಲುಗಾಡದಂತೆ ಹಿಡಿಯುವವರು ಯಾರು? ಬೇಲೂರಿನ ದರ್ಪಣಸುಂದರಿ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಳ್ಳುತ್ತಾಳೆ. ಶಿಲ್ಪಿಯ ಕಣ್ಣಿಗೆ ಅವಳು ಬಿದ್ದಳು. ಒಲೆಯ ಮೇಲೆ ಬೇಳೆ ಇಟ್ಟು ಬಂದು, ಮೊಣಕಾಲೂರಿ, ಗಂಡನ ಕಾಲನ್ನು ಗಂಡನಿಗೇ ತೋರಿಸುವ ಹೆಣ್ಣು ಯಾವ ಶಿಲ್ಪಿಗೂ ಕಾಣಲಿಲ್ಲ. ಶಹಾಬಾದಿನಲ್ಲಿ ಕಲ್ಲಿಗೆ ಬರವಿಲ್ಲ, ಹಾಸಿದಷ್ಟೂ ಇದೆ. ಒಂದೇ ಒಂದು ಚಪ್ಪಡಿಯ ಮೇಲೆ ಅವರಿಬ್ಬರನ್ನು ಕೆತ್ತಬೇಕು. ಕೆಳಗಿನ ಪಟ್ಟಿಕೆಯಲ್ಲಿ ಬಾಂಬು ಬೇಡ. ಗೋಡೆಗೆ ಆನಿಸಿಟ್ಟ ಕಾಲು, ನಡುವೆ ಕನ್ನಡಿ, ಮೇಲೆ ಹೊಸ್ತಿಲು. ಹೊಸ್ತಿಲ ಆಚೆ ಅವನು, ಈಚೆ ಕೈಯಲ್ಲಿ ನೆಲ ಒರೆಸುವ ಅರಿವೆ ಹಿಡಿದ ಅವಳು. ಶಾಸನದ ಸಾಲು ಅವಳ ಮಾತಿನಲ್ಲೇ ಇರಲಿ:

“ನೀರ ಚೆಲ್ಲ್ಯಾವ್ರಿ, ಸಾವಕಾಶ ಬರ್ರಿ.”